ಹುಳಕ್ಕಾಗದ ಕೈ

ಸುಂದ್ರವ್ವನಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಇದು ಚಾಡಿಯಲ್ಲ, ಆಕೆಯೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಮಾತು. ಹಾಲು ಅಳೆಯುವವನ ಮಾಪು, ಗಿರಣಿಯವನ ತಕ್ಕಡಿ, ಕಂಡಕ್ಟರನ ಚಿಲ್ಲರೆ, ನಾಳೆ ಮಳೆ ಎನ್ನುವ ರೇಡಿಯೋ, ಎಲ್ಲದರ ಮೇಲೂ ಆಕೆಯದೊಂದು ಕಣ್ಣು. ಇಪ್ಪತ್ತೆಂಟನೆಯ ವಯಸ್ಸಿಗೆ ಗಂಡ ತೀರಿಕೊಂಡು, ಭಾವಂದಿರು ಹೊಲ ನುಂಗಲು ಬಾಯಿ ತೆರೆದು ಕೂತಾಗ ಆಕೆಯನ್ನೂ ಮಗ ಸತ್ತೆಪ್ಪನನ್ನೂ ಕಾಪಾಡಿದ್ದು ಈ ಸಂಶಯವೇ. ಕಾಪಾಡಿದ್ದನ್ನು ಯಾರಾದರೂ ಬಿಡುತ್ತಾರೆಯೇ?

ಊರು ನಾಗರಮಾಳ. ನಿಪ್ಪಾಣಿಯಿಂದ ಚಿಕ್ಕೋಡಿಗೆ ಹೋಗುವ ದಾರಿ ಬಿಟ್ಟು ಗುಡ್ಡದ ಕಡೆ ಹೊರಳಿದರೆ ಸಿಗುವ ನೂರು ಮನೆಯ ಹಳ್ಳಿ. ಕೆಳಗೆ ನೀರು ಇದ್ದವರು ಕಬ್ಬು ಹಚ್ಚಿ ಮೀಸೆ ತಿರುವುತ್ತಿದ್ದರು. ಮೇಲಿನ ಗರಸು ಮಣ್ಣಿನ ಇಳಿಜಾರಿನವರಿಗೆ ಅಜ್ಜನ ಕಾಲದಿಂದಲೂ ತಂಬಾಕು, ಇಲ್ಲವೆಂದರೆ ಶೇಂಗಾ. ೧೯೮೬ರಲ್ಲಿ ಸತ್ತೆಪ್ಪ ಅಷ್ಟೂ ತಂಬಾಕು ತೆಗೆದುಹಾಕಿ ಹಿಪ್ಪುನೇರಳೆಯ ಕಡ್ಡಿ ಊರಿದ. ರೇಷ್ಮೆ ಹುಳ ಸಾಕುತ್ತಾನಂತೆ ಎಂದು ಊರು ನಕ್ಕಿತು. ಸುಂದ್ರವ್ವ ನಗಲಿಲ್ಲ, ಕಣ್ಣು ಸಣ್ಣದು ಮಾಡಿದಳು.

"ಜೋಳದಾಗಿನ ಹುಳಾ ಕೊಲ್ಲಾಕ ಔಷಧ ಹೊಡೀರಿ ಅಂತಾರ. ಅದ ಸರಕಾರದವರು ಈಗ ಹುಳಾ ಸಾಕ್ರಿ, ರೊಕ್ಕ ಕೊಡ್ತೀವಿ ಅಂತಾರ. ಇದರಾಗ ಏನೋ ಐತಿ, ಸತ್ತೆಪ್ಪಾ."

ಏನೂ ಇರಲಿಲ್ಲ. ಮೊಟ್ಟೆ ಅಂಟಿಸಿದ ಹಾಳೆ ತಂದಿಟ್ಟರೆ ಇರುವೆಗಿಂತ ಸಣ್ಣ ಮರಿಗಳು ಏಳುತ್ತವೆ. ತಿನ್ನುತ್ತವೆ, ತಿಂದು ತಿಂದು ಒಂದು ದಿನ ತಲೆ ಎತ್ತಿ ಅಲುಗಾಡದೆ ನಿಲ್ಲುತ್ತವೆ. ಅದಕ್ಕೆ ಜ್ವರ ಅನ್ನುತ್ತಾರೆ. ಜ್ವರ ಬಿಟ್ಟ ಮೇಲೆ ಪೊರೆ ಕಳಚಿ ಮತ್ತೆ ತಿನ್ನಲು ಶುರು. ನಾಲ್ಕು ಜ್ವರ ದಾಟಿದ ಹುಳ ಬೆರಳುದ್ದ ಆಗಿ, ರಾಶಿ ರಾಶಿ ತಪ್ಪಲು, ಅಂದರೆ ಹಿಪ್ಪುನೇರಳೆಯ ಸೊಪ್ಪು, ತಿಂದು, ಕೊನೆಗೆ ಗೂಡು ಕಟ್ಟುತ್ತದೆ. ಆ ಗೂಡೇ ಬೆಳೆ. ತಂಬಾಕು ವರ್ಷಕ್ಕೊಮ್ಮೆ ಬಂದರೆ ಇದು ವರ್ಷಕ್ಕೆ ನಾಲ್ಕೈದು ಸಲ ಬರುತ್ತಿತ್ತು.

ಹುಳದ ಮನೆಯನ್ನು ಮೊದಲೆರಡು ವರ್ಷ ನೋಡಿಕೊಂಡವರು ಇಬ್ಬರು ಹೆಂಗಸರು. ಒಬ್ಬಳು ಸೊಸೆ ಕುಸುಮ. ಇನ್ನೊಬ್ಬಳು ಹಿತ್ತಲ ಆಚೆ ಮನೆಯ ಮೆಹರುಬಿ. ಗಂಡ ನಬಿಸಾಬ ತಂಬಾಕಿನ ಗಾಡಿ ಹೊಡೆಯುತ್ತಿದ್ದ, ಮೆಹರುಬಿ ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಹತ್ತು ವರ್ಷ ದುಡಿದಿದ್ದಳು. ಹುಳದ ಕೆಲಸ ಸಿಕ್ಕಿದ ದಿನವೇ ವಖಾರಿ ಬಿಟ್ಟಳು. ಆಕೆಯ ಕೈಯಲ್ಲಿ ಹುಳ ಚೆನ್ನಾಗಿ ಏಳುತ್ತಿದ್ದವು. ಸುಂದ್ರವ್ವ ಒಳಗೆ ಕಾಲಿಡುತ್ತಿರಲಿಲ್ಲ. ಹೊರಗೆ ಕಟ್ಟೆಯ ಮೇಲೆ ಕೂತು, ಒಳಗೆ ಎಷ್ಟು ಹೊರೆ ತಪ್ಪಲು ಹೋಯಿತು, ಮೆಹರುಬಿಯ ಸೆರಗಿನಲ್ಲಿ ಏನಾದರೂ ಹೊರಗೆ ಬಂತೇ ಎಂದು ನೋಡುವುದು ಆಕೆಯ ಉದ್ಯೋಗ. ಎರಡು ವರ್ಷ ನೋಡಿದರೂ ಏನೂ ಬರಲಿಲ್ಲ. ಅದೇ ಆಕೆಗೆ ಇನ್ನಷ್ಟು ಸಂಶಯ ತಂದಿತು. ಇಷ್ಟು ನೇರ ಇರುವವರು ಎಲ್ಲೋ ಒಂದು ಕಡೆ ಡೊಂಕು ಇದ್ದೇ ಇರುತ್ತಾರೆ ಎಂದು ಆಕೆಯ ಲೆಕ್ಕ.

೧೯೮೮ರ ಶ್ರಾವಣದಲ್ಲಿ ಕುಸುಮ ಬಾಣಂತನಕ್ಕೆ ತವರುಮನೆ ಹಾರೂಗೇರಿಗೆ ಹೋಗಬೇಕಾಯಿತು. ಆಗ ಹುಳಗಳಿಗೆ ಮೂರನೆಯ ಜ್ವರ ಬಿಟ್ಟಿತ್ತು. ಹೋಗುವ ಮುಂಚೆ ಆಕೆ ಗಂಡನನ್ನು ಕೂಡಿಸಿಕೊಂಡು ಒಂದು ವ್ಯವಸ್ಥೆ ಮಾಡಿದಳು. ಅರ್ಧ ಹುಳ ಮೆಹರುಬಿ ತನ್ನ ಮನೆಗೆ ಒಯ್ದು ಸಾಕುವುದು, ಗೂಡಿನಲ್ಲಿ ಆಕೆಗೆ ಪಾಲು. ಇನ್ನರ್ಧ ಇಲ್ಲೇ, ಹುಳದ ಮನೆಯಲ್ಲಿ. ತಪ್ಪಲು ಎರಡೂ ಕಡೆಗೆ ಸತ್ತೆಪ್ಪನ ಹೊಲದ್ದೇ. ದಿನಾ ನಸುಕಿನಲ್ಲಿ ಮೆಹರುಬಿ ಕೊಯ್ದು ಎರಡು ಹೊರೆ ಕಟ್ಟಿ, ಒಂದನ್ನು ಇಲ್ಲಿ ಇಳಿಸಿ ಹೋಗಬೇಕು.

"ನಮ್ಮ ಪಾಲಿಂದು ಯಾರ ನೋಡವರು?" ಎಂದಳು ಸುಂದ್ರವ್ವ.

"ನಾನ ನೋಡತೀನಿ, ಯವ್ವಾ. ಮೆಹರುಬಿನೂ ಬಂದ ಹೋಗತಾಳ," ಎಂದ ಸತ್ತೆಪ್ಪ.

"ಏನೂ ಬೇಕಾಗಿಲ್ಲ. ನಾ ಅದೀನಿ. ನಿನ್ನಂಥಾ ಉಡಾಳನ್ನ ಸಾಕಿದಾಕಿ, ನಾಕ ಹುಳಾ ಸಾಕೂದಿಲ್ಲೇನು?"

ಹೀಗೆ ಸುಂದ್ರವ್ವ ಮೊದಲ ಸಲ ಹುಳದ ಮನೆಯ ಹೊಸ್ತಿಲು ದಾಟಿದಳು. ಖರೆ ಹೇಳಬೇಕೆಂದರೆ ಆಕೆಗೆ ಹುಳಗಳು ಹಿಡಿಸಿಯೂ ಬಿಟ್ಟವು. ತಪ್ಪಲು ಹಾಕಿದೊಡನೆ ಅವು ತಿನ್ನುವ ಸಪ್ಪಳ ಕೇಳುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಮಾತಿಲ್ಲ, ಕತೆಯಿಲ್ಲ, ಕೊಟ್ಟಷ್ಟು ತಿನ್ನುತ್ತವೆ. ಲೋಕದಲ್ಲಿ ನಂಬಬಹುದಾದ ಪ್ರಾಣಿ ಇದೊಂದೇ ಅನ್ನಿಸಿತು ಆಕೆಗೆ.

ನಾಲ್ಕನೆಯ ದಿನ ಒಂದು ತಟ್ಟೆಯ ಹುಳಗಳು ತಿನ್ನುವುದು ಬಿಟ್ಟವು. ತಲೆ ಎತ್ತಿ ಆ ಕಡೆ ಈ ಕಡೆ ಆಡಿಸಿದವು, ಬಾಯಿಂದ ಹಸಿರು ನೀರು ಬಿಟ್ಟವು, ಮುರುಟಿ ಬಿದ್ದವು. ಮರುದಿನ ಎರಡು ತಟ್ಟೆ. ಸತ್ತೆಪ್ಪ ಓಡಿಹೋಗಿ ಮೆಹರುಬಿಯ ಮನೆಯ ಹುಳ ನೋಡಿ ಬಂದ. ಅಲ್ಲಿ ಎಲ್ಲವೂ ದುಂಡಗೆ, ಬೆಳ್ಳಗೆ, ಬಕಬಕ ತಿನ್ನುತ್ತಿದ್ದವು.

ಒಂದೇ ಹಾಳೆಯ ಮೊಟ್ಟೆ, ಒಂದೇ ಹೊಲದ ತಪ್ಪಲು. ಅಲ್ಲಿ ಬದುಕಿದ್ದು ಇಲ್ಲಿ ಯಾಕೆ ಸಾಯಬೇಕು? ಈ ಪ್ರಶ್ನೆಗೆ ಸುಂದ್ರವ್ವನ ಬಳಿ ಉತ್ತರ ಸಿದ್ಧವಿತ್ತು. ಹೊರೆ ಕಟ್ಟುವಾಕೆ ಯಾರು?

ಆದರೂ ಆಕೆ ಪರೀಕ್ಷೆ ಮಾಡದೆ ಮಾತಾಡುವ ಹೆಂಗಸಲ್ಲ. ಮರುದಿನ ನಸುಕಿನಲ್ಲಿ ಮೆಹರುಬಿ ಹೊರೆ ಇಳಿಸುತ್ತಿದ್ದಂತೆ, "ಇದು ಬ್ಯಾಡ, ನೀ ನಿನಗಂತ ಕಟ್ಟಿದ್ದ ಹೊರಿ ಇಲ್ಲಿ ಇಳಸು," ಎಂದಳು. ಮೆಹರುಬಿ ಹೊರೆ ಬದಲಿಸಿ ಹೋದಳು. ಆ ತಪ್ಪಲು ತಿಂದೂ ಸುಂದ್ರವ್ವನ ಹುಳ ಸತ್ತವು. ಇಲ್ಲಿಂದ ಒಯ್ದ ತಪ್ಪಲು ತಿಂದೂ ಮೆಹರುಬಿಯ ಹುಳ ಬದುಕಿದವು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಸಂಶಯ ಬಿಡುತ್ತಿದ್ದರು. ಆದರೆ ಸಂಶಯದ ಹೊಟ್ಟೆ ದೊಡ್ಡದು, ಸಾಕ್ಷಿ ಹಾಕಿದರೆ ಅದನ್ನೂ ನುಂಗಿ ಇನ್ನಷ್ಟು ದಪ್ಪ ಆಗುತ್ತದೆ. "ನಾ ಹೊರಿ ಬದಲ ಮಾಡತೀನಿ ಅಂತ ಆಕಿಗೆ ಮೊದಲ ಗೊತ್ತಿತ್ತು," ಎಂದು ಸುಂದ್ರವ್ವ ತೀರ್ಮಾನಿಸಿದಳು.

ಅದರ ಮರುದಿನ ಮೆಹರುಬಿ ಹೊರೆ ಇಳಿಸಿದಾಗ ಸುಂದ್ರವ್ವ ಹುಳದ ಮನೆಯ ಬಾಗಿಲಲ್ಲಿ ನಿಂತು ಹಲ್ಲಿಗೆ ಕಪ್ಪು ಮಿಸರಿ ಪುಡಿ ತಿಕ್ಕುತ್ತಿದ್ದಳು. ಪಿಚಕ್ಕನೆ ಉಗುಳಿ, ಬಾಯಿ ಒರೆಸಿಕೊಂಡು, ಹೊರೆ ಬಿಚ್ಚಲು ಬಗ್ಗಿದಳು.

"ಕಾಕೂ, ಕೈ ತೊಳಕೊಂಡ ತಪ್ಪಲಾ ಮುಟ್ರಿ," ಎಂದಳು ಮೆಹರುಬಿ.

ಸುಂದ್ರವ್ವ ಬಗ್ಗಿದವಳು ಹಾಗೇ ನಿಂತಳು. ಮೂವತ್ತು ವರ್ಷದಿಂದ ಈ ಮನೆಯ ಯಜಮಾನಿಕೆ ಮಾಡಿದವಳು, ನಸುಕಿಗೇ ಜಳಕ ಮಾಡಿ ದೇವರ ಮುಂದೆ ದೀಪ ಹಚ್ಚುವವಳು. ಆಕೆಯ ಅಂಗಳದಲ್ಲಿ ನಿಂತು ನಬಿಸಾಬನ ಹೆಂಡತಿ ಕೈ ತೊಳೆದುಕೋ ಅನ್ನುವುದೇ!

"ಏನಂದಿ?"

"ಹಂಗಲ್ರಿ ಕಾಕೂ, ಹುಳಾ ಭಾಳ ನಾಜೂಕ..."

"ನನ್ನ ಕೈ ಮೈಲಿಗಿ ಆತೇನಬೇ ನಿನಗ? ನಡಿ ಹೊರಗ!"

ಮೆಹರುಬಿ ಹೋದಳು. ಆದರೆ ಸುಂದ್ರವ್ವನ ಎದೆಯಲ್ಲಿ ಹತ್ತಿದ ಬೆಂಕಿ ಆರಲಿಲ್ಲ. ಅಂದು ಹೊತ್ತು ಏರುವ ಹೊತ್ತಿಗೆ ಕೊನೆಯ ತಟ್ಟೆಯೂ ಹೋಯಿತು. ಸಂಜೆ ಗಿರಣಿಯ ಮುಂದೆ ಹಿಟ್ಟು ಬೀಸಿಸಲು ಹೆಂಗಸರು ಸಾಲು ಹಚ್ಚಿದ್ದಾಗ, ಮೆಹರುಬಿಯೂ ಬುಟ್ಟಿ ಇಟ್ಟುಕೊಂಡು ನಿಂತಿದ್ದಾಗ, ಸುಂದ್ರವ್ವ ಎಲ್ಲರಿಗೂ ಕೇಳುವಂತೆ ಹೇಳಿದಳು: "ಇಕಿ ನನ್ನ ಹುಳಾ ಕೊಂದಳು. ತನ್ನವು ಬೆಳಸಾಕ ನನ್ನವು ಹಾಳ ಮಾಡಿದಳು. ನಾಳಿಂದ ನನ್ನ ಹೊಲದ ಒಂದ ಎಲಿ ಮುಟ್ಟಿದರ ಕೈ ಮುರೀತೀನಿ."

ಮೆಹರುಬಿ ಸಾಲಿನಿಂದ ಹೊರಗೆ ಬಂದಳು. ಬೀಸಿಸದ ಜೋಳದ ಬುಟ್ಟಿಯನ್ನು ಹಾಗೇ ತಲೆಯ ಮೇಲೆ ಇಟ್ಟುಕೊಂಡು ಮನೆಗೆ ಹೋದಳು. ಮಾತಾಡದವರು ತಪ್ಪು ಮಾಡಿದವರು ಎಂದು ಊರಿನ ನ್ಯಾಯ.

ಮೆಹರುಬಿಯ ಹುಳಗಳಿಗೆ ಆಗ ನಾಲ್ಕನೆಯ ಜ್ವರ ಬಿಟ್ಟಿತ್ತು. ಹುಳ ಅತಿ ಹೆಚ್ಚು ತಿನ್ನುವ ಕಾಲ ಅದು. ಊರಿನಲ್ಲಿ ಹಿಪ್ಪುನೇರಳೆ ಇದ್ದದ್ದು ಸತ್ತೆಪ್ಪನ ಹೊಲ ಒಂದರಲ್ಲೇ. ನಬಿಸಾಬ ಬಂದು ಕಟ್ಟೆಯ ಕೆಳಗೆ ಕೈ ಮುಗಿದು ನಿಂತ.

"ಸತ್ತೆಪ್ಪಣ್ಣಾ, ನಿಮ್ಮ ಸಿಟ್ಟು ನಮ್ಮ ಮ್ಯಾಲ ಇರ್ಲಿ. ಮೂಕ ಪ್ರಾಣಿ, ಅವಕ್ಕಷ್ಟ ತಪ್ಪಲಾ ಕೊಡ್ರಿ."

ಸತ್ತೆಪ್ಪ ತಾಯಿಯ ಮುಖ ನೋಡಿದ. "ಯವ್ವಾ, ನಾಕ ದಿನದಾಗ ಗೂಡ ಕಟ್ಟತಾವ..."

"ನಮ್ಮವು ಕಟ್ಟಿದುವೇನು?" ಎಂದಳು ಸುಂದ್ರವ್ವ.

ಸತ್ತೆಪ್ಪ ಒಳ್ಳೆಯವನೇ, ಆದರೆ ತಾಯಿಯ ಎದುರು ಆತನ ಬೆನ್ನು ನೆಟ್ಟಗೆ ನಿಂತದ್ದಿಲ್ಲ. ಆತ ಎದ್ದು ಒಳಗೆ ಹೋದ. ನಬಿಸಾಬ ಎರಡು ದಿನ ಸೈಕಲ್ ಹತ್ತಿ ಗುಡ್ಡದ ಆಚೆಯ ಹಳ್ಳಿಗಳಲ್ಲೆಲ್ಲ ತಪ್ಪಲು ಹುಡುಕಿದ. ಒಮ್ಮೆ ಒಂದು ಚೀಲ ತಂದ, ಅರ್ಧ ಬಾಡಿತ್ತು. ಮೂರನೆಯ ದಿನ ಹಿತ್ತಲಲ್ಲಿ ಸತ್ತ ಹುಳ ಹೂಳಲು ಕುಣಿ ತೋಡುವ ಸಪ್ಪಳ ಸುಂದ್ರವ್ವನಿಗೆ ಕೇಳಿಸಿತು. ಮೆಹರುಬಿ ಅಳುತ್ತಿದ್ದಳೋ ಇಲ್ಲವೋ ಕೇಳಿಸಲಿಲ್ಲ. ಸುಂದ್ರವ್ವ ಹಿತ್ತಲ ಬಾಗಿಲು ಮುಚ್ಚಿದಳು. ಮಾಡಿದ್ದುಣ್ಣೋ ಮಾರಾಯ ಎಂದು ತನಗೆ ತಾನೇ ಹೇಳಿಕೊಂಡು ರೊಟ್ಟಿಗೆ ಕೂತಳು.

ವಾರದ ಮೇಲೆ ರೇಷ್ಮೆ ಇಲಾಖೆಯ ಸಾಹೇಬರು ಲೂನಾ ಗಾಡಿಯ ಮೇಲೆ ಗುಡ್ಡ ಹತ್ತಿ ಬಂದರು. ಕೋಲಾರದ ಕಡೆಯವರು, ಮೆತ್ತನೆಯ ಮಾತು. ಸತ್ತೆಪ್ಪ ಕಾಗದದಲ್ಲಿ ಕಟ್ಟಿಟ್ಟಿದ್ದ ಸತ್ತ ಹುಳಗಳನ್ನು ಬಿಚ್ಚಿ ತೋರಿಸಿ, ಅವು ಹೇಗೆ ಸತ್ತವು ಎಂದು ಹೇಳಿದ. ಅಷ್ಟರಲ್ಲಿ ನಾಲ್ಕು ಜನ ಸೇರಿದ್ದರು. ತಾನೂ ಹಿಪ್ಪುನೇರಳೆ ಹಚ್ಚಬೇಕೆಂದು ಯೋಚಿಸುತ್ತಿದ್ದ ಮುರಗೆಪ್ಪನೂ ಇದ್ದ.

"ಇದು ರೋಗ ಅಲ್ಲಪ್ಪ," ಎಂದರು ಸಾಹೇಬರು. "ತಂಬಾಕಿನ ವಿಷ. ತಂಬಾಕು ಮುಟ್ಟಿದ ಕೈಯಲ್ಲಿ ಸೊಪ್ಪು ಮುಟ್ಟಿದ್ರೂ ಸಾಕು, ಹುಳ ಹೀಗೇ ವಾಂತಿ ಮಾಡ್ಕೊಂಡು ಸಾಯುತ್ತೆ. ಪಕ್ಕದಲ್ಲಿ ತಂಬಾಕಿನ ಹೊಲ ಇದೆಯಾ?"

"ಇಲ್ರಿ ಸಾಹೇಬ್ರ."

"ಮನೇಲಿ ಯಾರಾದ್ರೂ ಬೀಡಿ, ಎಲೆ-ತಂಬಾಕು?"

"ಇಲ್ರಿ. ನಾ ಬಿಟ್ಟ ಎರಡ ವರ್ಷ ಆತು. ನಮ್ಮ ಮನ್ಯಾಗ ಹೆಂಗಸರು ಯಾರೂ ತಂಬಾಕ ಮುಟ್ಟೂದಿಲ್ಲ."

ಸತ್ತೆಪ್ಪ ಸುಳ್ಳು ಹೇಳಲಿಲ್ಲ, ಪಕ್ಕದಲ್ಲಿ ನಿಂತ ತಾಯಿಯೂ ಹೌದೆಂದು ತಲೆ ಆಡಿಸಿದಳು. ಆಮೇಲೆ ಆಕೆಯ ಕಣ್ಣು ಅರಳಿತು.

"ಮೆಹರುಬಿ! ನಿಪ್ಪಾಣಿ ವಖಾರಿನ್ಯಾಗ ಹತ್ತ ವರ್ಷ ತಂಬಾಕ ಕುಟ್ಟಿದಾಕಿ. ಆಕೀ ಮೈಯಾಗ ತಂಬಾಕ ಐತಿ. ನಾ ಹೇಳಲಿಲ್ಲೇನು?"

ಎಲ್ಲರೂ ಹೌದು ಹೌದು ಎಂದರು. ಆಕೆಯ ಸ್ವಂತ ಹುಳ ಹಾಗಾದರೆ ಹೇಗೆ ಬದುಕಿದ್ದವು ಎಂದು ಒಬ್ಬನೂ ಕೇಳಲಿಲ್ಲ. ಸಾಹೇಬರಿಗೆ ಅಷ್ಟು ಕತೆ ಗೊತ್ತಿರಲಿಲ್ಲ. ಚಹಾ ಕುಡಿದು ಹೋದರು.

ಮರುದಿನ ಬೆಳಗ್ಗೆ ಸುಂದ್ರವ್ವನ ಮಿಸರಿ ತೀರಿತ್ತು. ಒಲೆಗೆ ತವೆ ಇಟ್ಟು, ಗೋಡೆಯ ಮಾಡದಲ್ಲಿದ್ದ ಗಂಟು ಬಿಚ್ಚಿ, ಒಣಗಿದ ಎಲೆ ಮುರಿದು ಹಾಕಿ ಹುರಿಯತೊಡಗಿದಳು. ಕರ್ರಗೆ ಹುರಿದು ಪುಡಿ ಮಾಡಿ ಹಲ್ಲಿಗೆ ತಿಕ್ಕುವುದು ಆ ಸೀಮೆಯ ಹೆಂಗಸರ ವಾಡಿಕೆ. ಬೆಳಗ್ಗೆ ಒಮ್ಮೆ, ಊಟದ ಮೇಲೊಮ್ಮೆ, ಬೇಸರ ಬಂದರೆ ನಡುನಡುವೆ. ತವೆಯಿಂದ ಹೊಗೆ ಎದ್ದು ಆಕೆಗೆ ಕೆಮ್ಮು ಬಂತು. ಕೆಮ್ಮುತ್ತ ಕೈಯಲ್ಲಿದ್ದ ಎಲೆಯನ್ನು ನೋಡಿದಳು.

ಅದು ತಂಬಾಕು. ಅವರದೇ ಹೊಲದ ಕೊನೆಯ ಬೆಳೆಯದು, ಆಕೆಯೇ ಕಟ್ಟಿಟ್ಟದ್ದು.

ಇದು ಆಕೆಗೆ ಗೊತ್ತಿರಲಿಲ್ಲವೇ ಎಂದು ಕೇಳಬಹುದು. ಗೊತ್ತಿತ್ತು, ಗೊತ್ತಿರಲಿಲ್ಲ. ತಂಬಾಕು ಅಂದರೆ ಗಂಡಸರು ಅಂಗೈಯಲ್ಲಿ ಸುಣ್ಣ ಹಚ್ಚಿ ತಿಕ್ಕುವುದು, ಬೀಡಿಯಲ್ಲಿ ಸುಡುವುದು, ಗಾಡಿಯಲ್ಲಿ ಹೇರಿ ಮಾರುವುದು. ಮಿಸರಿ ಅಂದರೆ ಹಲ್ಲು ತಿಕ್ಕುವುದು. ತಾಯಿ ತಿಕ್ಕಿದ್ದಳು, ಅಜ್ಜಿ ತಿಕ್ಕಿದ್ದಳು. ಅದನ್ನು ಯಾರಾದರೂ ತಂಬಾಕಿನ ಚಟ ಎಂದಿದ್ದರೆ ಸುಂದ್ರವ್ವ ಅವರ ಹಲ್ಲು ಉದುರಿಸುತ್ತಿದ್ದಳು.

ಎಲೆ ಕೈಯಿಂದ ಜಾರಿತು. ದಿನಕ್ಕೆ ಐದು ಸಲ ಈ ಕೈಯಲ್ಲೇ ತಪ್ಪಲು ಬಿಡಿಸಿ ಹಾಕಿದ್ದಳು. ಕಾಕೂ, ಕೈ ತೊಳಕೊಂಡ ಮುಟ್ರಿ. ಆ ಮಾತು ಈಗ ಬೇರೆಯಾಗಿ ಕೇಳಿಸಿತು. ಸುಂದ್ರವ್ವನಿಗೆ ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ ಹೆದರಿಕೆ ಬಂತು, ಯಾರಿಗಾದರೂ ಗೊತ್ತಾದರೆ? ತವೆಯನ್ನು ಬೂದಿಗೆ ಬೋರಲು ಹಾಕಿದಳು. ಗಂಟನ್ನು ಒಲೆಗೆ ತುರುಕಿದಳು.

ಅಂದಿನಿಂದ ಮಿಸರಿ ಬಿಟ್ಟಳು. ತಲೆ ಸಿಡಿಯಿತು, ಹೊಟ್ಟೆ ಕಟ್ಟಿತು, ಸಿಕ್ಕವರ ಮೇಲೆಲ್ಲ ಹರಿಹಾಯ್ದಳು. ಯಾಕೆಂದು ಯಾರಿಗೂ ಹೇಳಲಿಲ್ಲ. ಹುಳ ಉಳಿದರೆ ಸಾಕಲ್ಲ, ಆದದ್ದು ಆಗಿಹೋಯಿತು ಎಂದುಕೊಂಡಳು. ಕುಸುಮ ಕೂಸು ಎತ್ತಿಕೊಂಡು ಹಾರೂಗೇರಿಯಿಂದ ಬಂದಳು. ಅತ್ತೆ-ಸೊಸೆ ಕೂಡಿ ಸಾಕಿದ ಮುಂದಿನ ಬೆಳೆ ಹಿಂದೆಂದೂ ಬರದ ಹಾಗೆ ಬಂತು. ಒಂದು ಹುಳವೂ ಸಾಯಲಿಲ್ಲ.

ಬಂತಲ್ಲ ಎಡವಟ್ಟು! "ನೋಡ್ರಿ, ಮೆಹರುಬಿ ಕೈ ಬಿಟ್ಟಿದ್ದ ತಡ, ಹುಳಾ ಹೆಂಗ ಎದ್ದುವು," ಎಂದಿತು ಊರು. "ಸುಂದ್ರವ್ವನ ಕಣ್ಣು ಕಣ್ಣ. ಆಕಿ ಅಂದದ್ದ ಖರೆ ಆತು." ಸುಂದ್ರವ್ವ ಮಿಸರಿ ಬಿಟ್ಟದ್ದು ಮೆಹರುಬಿಯ ತಪ್ಪಿಗೆ ಮೊಹರು ಒತ್ತಿದಂತೆ ಆಯಿತು. ಹೊಗಳಿಕೆ ಕೇಳಿದಾಗಲೆಲ್ಲ ಸುಂದ್ರವ್ವ ಏನೋ ನೆಪ ಹೇಳಿ ಒಳಗೆ ಎದ್ದು ಹೋಗುತ್ತಿದ್ದಳು. ಜೀವಮಾನವಿಡೀ ಊರನ್ನು ಸಂಶಯದಿಂದ ನೋಡಿದವಳಿಗೆ ಈಗ ಊರೇ ತನ್ನನ್ನು ಸಂಶಯದಿಂದ ನೋಡುತ್ತಿದೆ ಅನ್ನಿಸಿತು. ಕುಸುಮ ಸುಮ್ಮನೆ ಕೈ ಕಡೆ ನೋಡಿದರೂ ಇವಳಿಗೆ ಗೊತ್ತಾಗಿದೆ ಅನ್ನಿಸುತ್ತಿತ್ತು. ಸತ್ತೆಪ್ಪ, "ಯವ್ವಾ, ನಿನ್ನ ಮಿಸರಿ ಡಬ್ಬಿ ಕಾಣವಲ್ದಲ್ಲ," ಎಂದ ದಿನ ಆಕೆ ಆತನಿಗೆ ಊಟಕ್ಕೆ ಬಡಿಸಲಿಲ್ಲ.

ಮುಂದಿನ ಮುಂಗಾರಿಗೆ ಹನ್ನೆರಡು ಮನೆಯವರು ತಂಬಾಕು ಬಿಟ್ಟು ಹಿಪ್ಪುನೇರಳೆ ಹಚ್ಚಿದರು. ಮುರಗೆಪ್ಪ ಅವರಿಗೆ ಮುಖಂಡ. ಮೊಟ್ಟೆ ತರುವುದಕ್ಕೆ ಮೊದಲು ಎಲ್ಲರೂ ಸತ್ತೆಪ್ಪನ ಹುಳದ ಮನೆಯ ಮುಂದೆ ಕೂಡಿ ಕಟ್ಟಳೆ ಬರೆದುಕೊಳ್ಳುವುದೆಂದು ಗೊತ್ತಾಯಿತು. ಮೊದಲ ಕಟ್ಟಳೆ ಏನೆಂದು ಎಲ್ಲರಿಗೂ ತಿಳಿದಿತ್ತು. ಮೆಹರುಬಿಯನ್ನು ಯಾರೂ ತಪ್ಪಲು ಕೊಯ್ಯಲಿಕ್ಕೂ ಕರೆಯಬಾರದು.

ತಂಬಾಕು ಹೋಯಿತು, ಅದರ ಹಿಂದೆ ನಬಿಸಾಬನ ಗಾಡಿಯೂ ಹೋಯಿತು. ಹೊಸ ಬೆಳೆಯಲ್ಲಿ ಹೆಂಡತಿಗೆ ಕೆಲಸವಿಲ್ಲ. ಅವರು ಊರು ಬಿಟ್ಟು ಇಚಲಕರಂಜಿಯ ಮಗ್ಗಕ್ಕೆ ಹೋಗುತ್ತಾರೆಂದು ಕುಸುಮ ಹೇಳಿದಾಗ ಸುಂದ್ರವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. ಕೂಟದ ಹಿಂದಿನ ದಿನ ಅದು. ಸೆರಗು ಹೊದ್ದು, ಹಿತ್ತಲು ದಾಟಿ, ಒಂದು ವರ್ಷದಲ್ಲಿ ಮೊದಲ ಸಲ ಮೆಹರುಬಿಯ ಬಾಗಿಲಿಗೆ ಹೋದಳು.

ಮೆಹರುಬಿ ಕೌದಿ ಮಡಚಿ ಗಂಟು ಕಟ್ಟುತ್ತಿದ್ದಳು. "ಬರ್ರಿ ಕಾಕೂ," ಎಂದಳು, ಎದ್ದು ನಿಲ್ಲಲಿಲ್ಲ.

ಸುಂದ್ರವ್ವ ಹೊಸ್ತಿಲ ಮೇಲೆ ಕೂತಳು. "ಹುಳಾ ನೀ ಕೊಂದಿಲ್ಲ," ಎಂದಳು.

"ನನಗ ಗೊತ್ತೈತ್ರಿ."

"ಮಿಸರಿ. ನನ್ನ ಕೈಯಾಗಿನ ಮಿಸರಿ."

"ಅದೂ ಗೊತ್ತೈತ್ರಿ. ವಖಾರಿನ್ಯಾಗ ಹತ್ತ ವರ್ಷ ದುಡದೀನಿ, ತಂಬಾಕದ ವಾಸನಿ ನನಗ ತಿಳೀದಿಲ್ಲೇನ್ರಿ? ಹುಳಕ್ಕ ಆಗೂದಿಲ್ಲಂತ ನಾ ವಖಾರಿ ಬಿಟ್ಟಾಕಿ. ಅದಕ್ಕ ನಿಮಗ ಕೈ ತೊಳಕೋರಿ ಅಂದ್ನಿ."

"ಗಿರಣಿ ಮುಂದ ಯಾಕ ಹೇಳಲಿಲ್ಲ?"

ಮೆಹರುಬಿ ಗಂಟು ಬಿಗಿದಳು. "ನಿಮ್ಮ ಮಾತಿನ ಮುಂದ ನನ್ನ ಮಾತ ಯಾರ ನಂಬತಿದ್ರು, ಕಾಕೂ? ನೀವರ ನಂಬತಿದ್ರೇನು?"

ಸುಂದ್ರವ್ವ ಕೈ ಚಾಚಿ ಆ ಗಂಟು ಹಿಡಿದಳು. "ಹೋಗಬ್ಯಾಡ," ಎಂದಳು. "ನಮ್ಮಲ್ಲೇ ಕೆಲಸಕ್ಕ ಬಾ. ಸತ್ತೆಪ್ಪಗ ನಾ ಹೇಳತೀನಿ. ಅರ್ಧಾ ಪಾಲು."

"ನಾಳಿ ಹನ್ನೆರಡ ಮನಿಯವರು ಕೂಡಿ ನನ್ನ ಕೈ ಹುಳಕ್ಕ ಆಗದ ಕೈ ಅಂತ ಬರಕೋತಾರ. ಇವತ್ತ ನೀವು ಇಲ್ಲಿ ಹೊಸ್ತಲ ಮ್ಯಾಲ ಕುಂತ, ನನಗ ಗೊತ್ತಿದ್ದದ್ದನ್ನ ನನಗ ಹೇಳಾಕತ್ತೀರಿ. ಇದನ್ನ ತಗೊಂಡ ನಾ ಏನ ಮಾಡ್ಲಿ?" ಮೆಹರುಬಿಯ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ಸುಂದ್ರವ್ವನಿಗೆ ತಡೆಯಲಾಗಲಿಲ್ಲ. "ನನ್ನ ಹುಳಾ ಹಸದ ಸತ್ತುವು, ಕಾಕೂ. ತಲಿ ಎತ್ತಿ ನನ್ನ ಕೈ ನೋಡತಿದ್ದುವು. ಅದನ್ನ ಯಾರ ಬರಕೋತಾರ?"

ಮರುದಿನ ಮಧ್ಯಾಹ್ನ ಹನ್ನೆರಡು ಮನೆಯ ಗಂಡಸರು ಹೆಂಗಸರು ಹುಳದ ಮನೆಯ ಅಂಗಳದಲ್ಲಿ ಕೂತರು. ಮುರಗೆಪ್ಪ ವಹಿ ತೆರೆದು, "ಒಂದನೇದ್ದು..." ಅನ್ನುತ್ತಿದ್ದಂತೆ ಸುಂದ್ರವ್ವ ಎದ್ದು ನಿಂತಳು.

"ತಡಿ ಮುರಗೆಪ್ಪಾ. ಹ್ವಾದ ವರ್ಷ ಹುಳಾ ಕೊಂದಾಕಿ ನಾ. ನನ್ನ ಮಿಸರಿ ಕೈಲೆ ಸತ್ತುವು. ಮೆಹರುಬಿದು ಏನೂ ತಪ್ಪಿಲ್ಲ."

ಮುರಗೆಪ್ಪ ನಕ್ಕ. "ದೊಡ್ಡ ಮನಸ ಸುಂದ್ರಕ್ಕಾ ನಿಂದು. ಊರ ಬಿಟ್ಟ ಹೊಂಟಾರಂತ ಕರಳ ಚುರ್ ಅಂದಿರಬೇಕು. ಹಂಗಂತ ತಪ್ಪ ನಿನ್ನ ಮ್ಯಾಲ ಹಾಕ್ಕೋಬ್ಯಾಡ."

"ಮಿಸರಿಗೆ ಎಲ್ಲೆರ ಹುಳಾ ಸಾಯ್ತಾವೇನ್ರಿ?" ಎಂದಳು ಆತನ ಹೆಂಡತಿ ರಾಮವ್ವ. "ಹಂಗಾದ್ರ ನಾವೆಲ್ಲಾ ಸತ್ತಿರತಿದ್ದೆವು." ಹೆಂಗಸರೆಲ್ಲ ನಕ್ಕರು.

ನಗುವ ಆ ಬಾಯಿಗಳನ್ನು ಸುಂದ್ರವ್ವ ನೋಡಿದಳು. ಎಲ್ಲರ ಹಲ್ಲೂ ಕಪ್ಪು. ಎಲ್ಲರ ಸೊಂಟದ ಚಂಚಿಯಲ್ಲೂ ಮಿಸರಿ. ಇನ್ನೊಂದು ತಿಂಗಳಿಗೆ ಹನ್ನೆರಡು ಮನೆಯಲ್ಲಿ ಹುಳ ಸಾಯುತ್ತವೆ. ಆಗ ಯಾರ ಹೆಸರು ಹೇಳುತ್ತಾರೆ? ಊರು ಬಿಟ್ಟು ಹೋದವಳದ್ದೇ. ಹೋಗುವಾಗ ಮಾಟ ಮಾಡಿ ಹೋದಳು ಅನ್ನುತ್ತಾರೆ. ತಾನಾಗಿದ್ದರೂ ಹಾಗೇ ಅನ್ನುತ್ತಿದ್ದೆ ಎಂದು ಸುಂದ್ರವ್ವನಿಗೆ ಚೆನ್ನಾಗಿ ಗೊತ್ತಿತ್ತು.

"ಕುಸುಮಾ, ಒಳಗಿಂದ ಒಂದ ತಟ್ಟಿ ಹುಳಾ ತಾ," ಎಂದಳು.

"ಅತ್ತೀ, ಅವು ಇನ್ನ ನಾಕ ದಿನದಾಗ ಗೂಡಿಗೆ ಬರತಾವ್ರಿ..."

"ತಾ ಅಂದ್ನಿ."

ಕುಸುಮ ತಟ್ಟೆ ತಂದು ನಡುವೆ ಇಟ್ಟಳು. ಬೆರಳುದ್ದದ ಬಿಳಿ ಹುಳಗಳು, ಒಂದಕ್ಕಿಂತ ಒಂದು ಚೆಂದ. ಸುಂದ್ರವ್ವ ರಾಮವ್ವನ ಮುಂದೆ ಕೈ ಚಾಚಿದಳು. "ನಿನ್ನ ಮಿಸರಿ ಕೊಡು."

"ಯವ್ವಾ, ಬ್ಯಾಡ!" ಎಂದ ಸತ್ತೆಪ್ಪ. ಆಕೆ ಕೇಳಲಿಲ್ಲ. ವರ್ಷದ ಮೇಲೆ ಮಿಸರಿ ಬಾಯಿಗೆ ಬಿದ್ದು ತಲೆ ತಿರುಗಿದಂತಾಯಿತು. ಎಲ್ಲರ ಎದುರಿಗೆ ಎರಡೂ ಸಾಲು ಹಲ್ಲು ತಿಕ್ಕಿ, ಉಗುಳಿ, ಸೆರಗಿಗೆ ಬಾಯಿ ಒರೆಸಿಕೊಂಡು, ಅದೇ ಬೆರಳುಗಳಿಂದ ತಪ್ಪಲು ಒಂದೊಂದಾಗಿ ಬಿಡಿಸಿ ತಟ್ಟೆಗೆ ಹಾಕಿದಳು. ಹುಳಗಳು ಎಂದಿನಂತೆ ಮೇಲೇರಿ ತಿನ್ನಲು ಶುರು ಮಾಡಿದವು. ಆ ಸಪ್ಪಳ ಕೇಳಿ ಸುಂದ್ರವ್ವನ ಕಣ್ಣು ತುಂಬಿ ಬಂತು.

"ಎಲ್ಲಿ ಸತ್ತುವು?" ಎಂದ ಯಾರೋ.

"ಕುಂದರ್ರಿ," ಎಂದಳು.

ಕೂತರು. ಎಲೆ-ಅಡಿಕೆ ಹಾಕಿದರು, ಮಳೆಯ ಮಾತಾಡಿದರು. ನೆರಳು ಒಂದು ಮಾರು ಸರಿಯಿತು. ಅಷ್ಟರಲ್ಲಿ ತಟ್ಟೆಯಿಂದ ಬರುತ್ತಿದ್ದ ಸಪ್ಪಳ ಕಡಿಮೆಯಾಗುತ್ತ ಬಂದು ನಿಂತೇ ಹೋಯಿತು. ಮೊದಲು ಒಂದು ಹುಳ ತಲೆ ಎತ್ತಿ ಆ ಕಡೆ ಈ ಕಡೆ ಆಡಿಸಿತು. ಆಮೇಲೆ ಹತ್ತು, ಆಮೇಲೆ ಎಷ್ಟೋ. ಬಾಯಿಂದ ಹಸಿರು ನೀರು ಬಂತು. ರಾಮವ್ವ ಚಂಚಿಯನ್ನು ಸೊಂಟದಿಂದ ಕಿತ್ತು ದೂರ ಎಸೆದಳು. ಯಾರೂ ನಗಲಿಲ್ಲ.

"ಈಗ ಬರಕೋ ಮುರಗೆಪ್ಪಾ," ಎಂದಳು ಸುಂದ್ರವ್ವ. "ಹುಳಕ್ಕ ಆಗದ ಕೈ ಯಾರದಂತ ಬರಕೋ. ಗಿರಣಿ ಮುಂದ ನಾ ಅಂದದ್ದು ಸುಳ್ಳಂತ ಅದನ್ನೂ ಬರಕೋ. ಆಕೀ ಹುಳಾ ನಾ ಉಪವಾಸ ಹಾಕಿ ಕೊಂದೀನಂತ ಬರಕೋ."

ಮುರಗೆಪ್ಪ ವಹಿಯ ಮೇಲೆ ಬಗ್ಗಿದ. ಬರೆದನೋ ಸುಮ್ಮನೆ ಬಗ್ಗಿದನೋ ಆಕೆಗೆ ಕಾಣಲಿಲ್ಲ, ಯಾಕೆಂದರೆ ಆಗಲೇ ಕುಸುಮ ಹಿತ್ತಲಿಂದ ಮೆಹರುಬಿಯನ್ನು ಕೈ ಹಿಡಿದು ಎಳೆದುಕೊಂಡು ಬಂದಿದ್ದಳು. ಮೆಹರುಬಿ ಕೂತವರ ಮುಖ ನೋಡಲಿಲ್ಲ, ಸುಂದ್ರವ್ವನ ಮುಖವನ್ನೂ ನೋಡಲಿಲ್ಲ. ತಟ್ಟೆ ನೋಡಿದಳು. ನೋಡಿದವಳೇ ಕುಕ್ಕರಗಾಲಲ್ಲಿ ಕೂತು, ಇನ್ನೂ ತಲೆ ಎತ್ತದ, ಎಲೆ ಮುಟ್ಟದೆ ಅಂಚಿನಲ್ಲಿ ಉಳಿದಿದ್ದ ಹುಳಗಳನ್ನು ಒಂದೊಂದಾಗಿ ಎತ್ತಿ ಸೆರಗಿಗೆ ಹಾಕಿಕೊಳ್ಳತೊಡಗಿದಳು.

"ಕುಸುಮಾ, ಹಸೀ ತಪ್ಪಲಾ ತಾ. ಬೇರೆ ತಟ್ಟಿ ತಾ. ಲಗೂ ಮಾಡು."

ಆಕೆಯ ಕೈಯ ಸನಿಹವೇ ಒಂದು ಹುಳ ತಟ್ಟೆಯಿಂದ ಉರುಳಿ ನೆಲಕ್ಕೆ ಬಿತ್ತು. ಸುಂದ್ರವ್ವ ತಡೆಯಲಾರದೆ ಬಗ್ಗಿ ಅದನ್ನು ಎತ್ತಲು ಕೈ ಚಾಚಿದಳು.

"ನೀವು ಮುಟ್ಟಬ್ಯಾಡ್ರಿ ಕಾಕೂ," ಎಂದಳು ಮೆಹರುಬಿ.

ಸುಂದ್ರವ್ವ ಕೈ ಹಿಂದಕ್ಕೆ ತೆಗೆದುಕೊಂಡಳು. ಯಾಕೆ ಎಂದು ಕೇಳಲಿಲ್ಲ. ಹನ್ನೆರಡು ಮನೆಯವರೂ ನೋಡುತ್ತಿದ್ದರು. ಕಪ್ಪು ಬೆರಳನ್ನು ಮೈಗೂ ಸೀರೆಗೂ ತಾಗದಂತೆ ದೂರ ಹಿಡಿದುಕೊಂಡು, ಮೆಹರುಬಿ ಕೊನೆಯ ಹುಳ ಎತ್ತುವವರೆಗೂ ಆಕೆ ಅಲ್ಲೇ ನಿಂತಿದ್ದಳು.